ಒನೇಸಿಮ ಬಾಗಿಲಲ್ಲಿ ನಿಂತಿದ್ದ

ಪೌಲನು ಫಿಲೆಮೋನನಿಗೆ ಬರೆದ ಪತ್ರ ಸತ್ಯವೇದದಲ್ಲಿ ಒಂದು ಪುಟಕ್ಕಿಂತ ಹೆಚ್ಚು ಜಾಗ ಹಿಡಿಯುವುದಿಲ್ಲ. ಒಂದೇ ಅಧ್ಯಾಯ, 25 ವಚನ. ಸರಾಗವಾಗಿ ಓದುವವರು ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿಸಿಬಿಡಬಹುದು. ನಮ್ಮ ಕೂಟಕ್ಕೆ ಅದನ್ನು ಓದಿ ಮುಗಿಸಲು ಮುಂಗಾರು ಪೂರ್ತಿ ಬೇಕಾಯಿತು.

ಕೂಟ ಎಂದರೆ ದೊಡ್ಡದೇನಲ್ಲ. ಹರಿಯಬ್ಬೆಯವರು, ಸುತ್ತಲ ಒಂದೆರಡು ಊರಿನವರು, ಎಲ್ಲ ಸೇರಿ ಕೆಲವೇ ಮನೆಗಳು. ಸಭಾಪಾಲಕರು ಹಿರಿಯೂರಿನಿಂದ ಬರಬೇಕು. ನಾವೆಲ್ಲ ಅವರನ್ನು ಅಯ್ಯನವರು ಎನ್ನುತ್ತೇವೆ. ಭಾನುವಾರ ಸಂಜೆ ಯಾರದಾದರೂ ಪಡಸಾಲೆಯಲ್ಲಿ ಚಾಪೆ ಹಾಸುತ್ತೇವೆ, ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ, ಆಮೇಲೆ ಮಾತು. ನಾವು ಓದುವುದು ಒಂದೇ ಉದ್ದೇಶಕ್ಕೆ: ದಿನ ಬೆಳಗಾದರೆ ಎದುರಾಗುವ ಬದುಕಿನಲ್ಲಿ ಯಾವುದು ಸರಿ, ಯಾವುದು ತಪ್ಪು, ತಿಳಿಯದಿದ್ದಾಗ ಹೇಗೆ ತೀರ್ಮಾನ ಮಾಡಬೇಕು ಎಂಬುದನ್ನು ಜೊತೆಯಾಗಿ ಹುಡುಕುವುದಕ್ಕೆ. ಪಟ್ಟಣದ ಚರ್ಚುಗಳಲ್ಲಿ ಇಂಥ ಓದಿಗೆ ಮುದ್ರಿಸಿದ ಪಾಠದ ಪುಸ್ತಕಗಳಿರುತ್ತವೆ, ಪ್ರತಿ ಪಾಠದ ಕೊನೆಗೆ ಪ್ರಶ್ನೆಗಳಿರುತ್ತವೆ. ನಮ್ಮಲ್ಲಿ ಪ್ರಶ್ನೆಗಳು ಹೊಲದಿಂದ ಬರುತ್ತವೆ.

ಓದುವ ಕೆಲಸ ಹೆಚ್ಚಾಗಿ ಹೆಂಗಸರದೇ. ನಮ್ಮಜ್ಜಿ ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ. ಸತ್ಯವೇದದ ದಪ್ಪಕ್ಷರದ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ. ಆ ಪುಸ್ತಕ ಕನ್ನಡಕ್ಕೆ ಬಂದ ದಾರಿ ನಮಗೆ ತೀರ ದೂರದ್ದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಅಲ್ಲಿನ ಪಂಡಿತರ ಜೊತೆ ಕೂತು ವರ್ಷಗಟ್ಟಲೆ ಮಾಡಿದ ಕೆಲಸದಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಓದಲು ಸಿಕ್ಕಿತು. ಬಳ್ಳಾರಿಯಿಂದ ಚಳ್ಳಕೆರೆ, ಚಳ್ಳಕೆರೆಯಿಂದ ಹಿರಿಯೂರು. ಇವತ್ತೂ ಶೇಂಗಾ ಲಾರಿಗಳು ಓಡಾಡುವ ದಾರಿಯೇ ಅದು. ನೂರಾರು ವರ್ಷ ಬರಗಾಲಕ್ಕೆ ಹೆಸರಾದ ಈ ಸೀಮೆಯ ಜನ ಆ ಪುಸ್ತಕದಲ್ಲಿ ಮೊದಲು ಗುರುತು ಹಿಡಿದದ್ದು ಬರಗಾಲವನ್ನೇ ಇರಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಅದರಲ್ಲಿ ಮಳೆಯಿಲ್ಲದ ವರ್ಷಗಳು ಎಷ್ಟೊಂದಿವೆ! ಅಬ್ರಹಾಮ ಐಗುಪ್ತಕ್ಕೆ ಇಳಿದುಹೋದದ್ದು, ಯಾಕೋಬನ ಮಕ್ಕಳು ಕಾಳು ತರಲು ಅಲ್ಲಿಗೇ ಹೋದದ್ದು, ನೊವೊಮಿಯ ಸಂಸಾರ ಬೇತ್ಲೆಹೇಮಿನಿಂದ ಮೋವಾಬಿಗೆ ಗುಳೆ ಹೋದದ್ದು, ಎಲ್ಲಕ್ಕೂ ಕಾರಣ ಒಂದೇ.

ಇರಲಿ, ಫಿಲೆಮೋನನ ಪತ್ರಕ್ಕೆ ಬರುತ್ತೇನೆ. ಫಿಲೆಮೋನ ಅನುಕೂಲಸ್ಥ, ಕೊಲೊಸ್ಸೆ ಪಟ್ಟಣದ ಕಡೆಯವನು, ಪೌಲನಿಂದ ಕ್ರಿಸ್ತನ ದಾರಿಗೆ ಬಂದವನು. ಅವನ ಮನೆಯ ಆಳು ಒನೇಸಿಮ. ಅವನು ದಾಸ, ಅಂದರೆ ಕೊಂಡ ಆಳು. ಹೇಗೋ ಅವನು ಸೆರೆಯಲ್ಲಿದ್ದ ಪೌಲನ ಬಳಿ ಬಂದಿದ್ದಾನೆ, ಅವನಿಗೆ ಮಗನಂತಾಗಿದ್ದಾನೆ. ಪೌಲ ಈ ಪತ್ರ ಬರೆದು ಅವನನ್ನು ಯಜಮಾನನ ಬಳಿಗೇ ವಾಪಸ್ ಕಳಿಸುತ್ತಾನೆ. ಇನ್ನು ಮೇಲೆ ಆಳು ಅಂತ ನೋಡಬೇಡ, ತಮ್ಮ ಅಂತ ನೋಡು ಎನ್ನುವುದು ಪತ್ರದ ತಿರುಳು.

ಅಯ್ಯನವರು ಇಷ್ಟು ವಿವರಿಸಿ, ಕ್ಷಮೆ ಎಷ್ಟು ದೊಡ್ಡದು ನೋಡಿ ಎಂದು ಮಾತು ಮುಂದುವರಿಸುವುದರಲ್ಲಿದ್ದರು. ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜ ತಡೆದರು. “ಅಲ್ಲ ಅಯ್ಯನೋರೆ, ಬಂದೋನ್ನ ಯಾಕೆ ವಾಪಸ್ ಕಳಿಸ್ದ?”

ಅಜ್ಜನ ಪ್ರಶ್ನೆ ಎಲ್ಲಿಂದ ಬಂತೆಂದು ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರ ಅಪ್ಪ ಜೀತಕ್ಕಿದ್ದವರು. ಮದುವೆಗೆ ಮಾಡಿದ ಸಾಲ. ಸಾಲ ತೀರುವತನಕ ಸಾಹುಕಾರನ ಮನೆಯಲ್ಲಿ ದುಡಿಮೆ. ದುಡಿದಷ್ಟೂ ಬಡ್ಡಿಗೆ ಸರಿಹೋಗಿ ಅಸಲು ಅಸಲಾಗಿಯೇ ಉಳಿಯುವುದು. ಅಪ್ಪನಿಗೆ ಮೈಯಲ್ಲಿ ಆಗದಾಗ ಮಗ ಹೋಗಿ ದನ ಮೇಯಿಸುವುದು. ಓಡಿಹೋದವರನ್ನು ಹುಡುಕಿ ಕರೆತಂದು ನಿಲ್ಲಿಸುತ್ತಿದ್ದುದನ್ನು ಅಜ್ಜ ಹುಡುಗನಾಗಿದ್ದಾಗ ಕಣ್ಣಾರೆ ಕಂಡಿದ್ದಾರೆ. ಜೀತ ತೆಗೆದುಹಾಕುವ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಅದು ಕಾಯಿದೆಯಾದದ್ದು 1976ರಲ್ಲಿ. ಆ ಕಾಯಿದೆಯ ಬಹು ಮುಖ್ಯ ಮಾತು, ಆಳು ಬಿಡುಗಡೆಯಾದ ಎಂಬುದಷ್ಟೇ ಅಲ್ಲ. ಅವನನ್ನು ಕಟ್ಟಿಹಾಕಿದ್ದ ಸಾಲವೂ ಅಲ್ಲಿಗೆ ರದ್ದು ಎಂಬುದು. ಸಾಲ ಉಳಿಸಿ ಆಳನ್ನು ಬಿಟ್ಟಿದ್ದರೆ ಮರುದಿನ ಅದೇ ಸಾಲ ಅವನನ್ನು ಅದೇ ಅಂಗಳಕ್ಕೆ ಎಳೆದು ತರುತ್ತಿತ್ತು.

ಅಯ್ಯನವರು ಆ ಸಂಜೆ ಉತ್ತರ ಹೇಳಲಿಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಅದಕ್ಕೇ. ಮುಂದಿನ ಸಲ ಬರುವಾಗ ಅವರು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ಗುರುತು ಮಾಡಿಕೊಂಡು ಬಂದಿದ್ದರು. ಯಜಮಾನನಿಂದ ತಪ್ಪಿಸಿಕೊಂಡು ನಿನ್ನ ಬಳಿ ಬಂದ ದಾಸನನ್ನು ತಿರುಗಿ ಅವನಿಗೆ ಒಪ್ಪಿಸಬಾರದು, ಅವನಿಗೆ ಇಷ್ಟವಾದ ಊರಲ್ಲಿ ಇರಗೊಡಬೇಕು ಎಂದು ಅಲ್ಲಿ ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ಅಜ್ಜನ ಪ್ರಶ್ನೆ ಸತ್ಯವೇದದ್ದೇ ಪ್ರಶ್ನೆಯಾಗಿತ್ತು! ಆ ಶಾಸ್ತ್ರವನ್ನು ಅರೆದು ಕುಡಿದಿದ್ದ ಪೌಲನಿಗೆ ಈ ಮಾತು ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಈ ಪತ್ರದ ಹಿಂದಿರುವ ನೋವಿನ ಚರಿತ್ರೆಯನ್ನೂ ಅವರು ಹೇಳಿದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವರಿಗೆ ಇದು ಅಚ್ಚುಮೆಚ್ಚಿನ ಪತ್ರವಾಗಿತ್ತು. ಓಡಿಹೋದವರನ್ನು ಹಿಡಿದು ಕೊಡಬೇಕೆಂಬ ಕಾನೂನನ್ನು 1850ರಲ್ಲಿ ಬಿಗಿ ಮಾಡಿದಾಗ, ಪೌಲನೇ ಕಳಿಸಿಲ್ಲವೇ ಎಂದು ವೇದಿಕೆಯಿಂದ ಬೋಧಿಸಿದವರಿದ್ದರು. ಅದಕ್ಕೂ ಮೊದಲು ಜಾರ್ಜಿಯಾ ರಾಜ್ಯದಲ್ಲಿ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್ ಎಂಬ ಪಾದ್ರಿ ಗುಲಾಮರಿಗೇ ಈ ಪತ್ರವನ್ನು ಹಿಡಿದು, ಓಡಿಹೋಗುವುದು ತಪ್ಪು ಎಂದು ಬೋಧಿಸತೊಡಗಿದ. ಕೇಳುತ್ತ ಕೂತಿದ್ದವರಲ್ಲಿ ಅರ್ಧದಷ್ಟು ಜನ ಎದ್ದು ನಡೆದರು. ಇದನ್ನು ಆತನೇ ಬರೆದಿಟ್ಟಿದ್ದಾನೆ. ಓದಲು ಕಲಿಯುವುದೇ ಅಪರಾಧವಾಗಿದ್ದ ಆ ಜನ, ಪತ್ರವನ್ನು ತಮಗೆ ಓದಿ ಹೇಳಿದವನಿಗಿಂತ ಅದನ್ನು ಚೆನ್ನಾಗಿ ಬಲ್ಲವರಾಗಿದ್ದರು ಎಂದು ನಾನು ನಂಬುತ್ತೇನೆ.

ಇಷ್ಟಾದರೂ ಅಜ್ಜ ಪತ್ರವನ್ನು ಬಿಡಲಿಲ್ಲ. ಬೇಸರಪಟ್ಟು ಬದಿಗಿಡಲೂ ಇಲ್ಲ. ಮತ್ತೆ ಓದವ್ವ, ಮತ್ತೆ ಓದು ಎಂದು ನನ್ನಿಂದ ಓದಿಸಿಕೊಂಡು ಕೇಳಿದರು. ಓಡಿಹೋದ ಎಂಬ ಮಾತು ಪತ್ರದಲ್ಲಿ ನೇರವಾಗಿ ಎಲ್ಲೂ ಇಲ್ಲ. ಅವನು ಓಡಿದವನಲ್ಲ, ಯಜಮಾನನ ಜೊತೆ ಏನೋ ಬಿಗಡಾಯಿಸಿದಾಗ ನಡುವೆ ನಿಂತು ಹೇಳಲಿ ಎಂದು ಪೌಲನನ್ನು ಹುಡುಕಿಕೊಂಡು ಹೋದವನು ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಅಯ್ಯನವರು ಇದನ್ನು ಹೇಳಿದ ಕೂಡಲೇ ಅಜ್ಜನ ಮುಖ ಅರಳಿತು. “ಹಂಗೇ ಕಣಪ್ಪ ಮಾಡ್ತಿದ್ದುದು. ಸಾವ್ಕಾರ ಯಾರ ಮಾತು ಕೇಳ್ತಾನೋ ಅವರತ್ರ ಹೋಗಿ ಒಂದು ಮಾತು ಹೇಳ್ಸೋದು.”

18ನೆಯ ವಚನ ಬಂದಾಗ ಅವರು ಕೈಯೆತ್ತಿ ನಿಲ್ಲಿಸಿದರು. ಅವನಿಂದ ನಿನಗೇನಾದರೂ ನಷ್ಟವಾಗಿದ್ದರೆ, ಅವನು ಏನಾದರೂ ಕೊಡಬೇಕಾಗಿದ್ದರೆ, ನನ್ನ ಲೆಕ್ಕಕ್ಕೆ ಹಾಕು ಎಂದು ಅಲ್ಲಿ ಪೌಲ ಬರೆಯುತ್ತಾನೆ. ಅದರ ಮುಂದಿನ ವಚನದಲ್ಲಿ, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಬರಹದಲ್ಲಿ ಖಾತ್ರಿ ಕೊಡುತ್ತಾನೆ. ಕ್ರಿಸ್ತಶಾಸ್ತ್ರದ ಬಗ್ಗೆ ದೊಡ್ಡ ದೊಡ್ಡ ಮಾತು ಬರೆದ ಪೌಲ ಇಲ್ಲಿ ಸಾಲಪತ್ರಕ್ಕೆ ಜಾಮೀನು ಹಾಕುವವನ ಹಾಗೆ ರುಜು ಹಾಕುತ್ತಾನೆ. ಅಜ್ಜ ಹೇಳಿದ್ದು ಇಷ್ಟು: ಒಳ್ಳೇ ಮಾತು ಹೇಳುವವರು ನಮ್ಮಪ್ಪನಿಗೂ ಬೇಕಾದಷ್ಟು ಜನ ಇದ್ದರು, ಸಾಲ ನನ್ನ ಹೆಸರಿಗೆ ಬರಕೋ ಅಂದವರು ಒಬ್ಬರೂ ಇರಲಿಲ್ಲ. ಆಮೇಲೆ 22ನೆಯ ವಚನ. ನನಗೊಂದು ಕೋಣೆ ಅಣಿಮಾಡು, ಬರುವ ನಂಬಿಕೆಯಿದೆ ಎಂದು ಪೌಲ ಅಲ್ಲಿ ಹೇಳುತ್ತಾನೆ. ನಾನು ಅದನ್ನು ಬರೀ ಕುಶಲದ ಮಾತು ಎಂದು ಓದಿಕೊಂಡು ಬಂದವಳು. ಅಜ್ಜನಿಗೆ ಅದು ಪತ್ರದ ಬೀಗ. “ಬಂದು ನೋಡ್ತೀನಿ ಅಂತಾನಲ್ಲ. ಆ ಹುಡುಗನ್ನ ಹೆಂಗೆ ಇಟ್ಕೊಂಡವ್ನೆ ಅಂತ ನೋಡಾಕೇ ಬರ್ತಾನೆ.”

ಕ್ರಿಸ್ತೀಯ ನೀತಿಯ ಬಗ್ಗೆ ಬಲ್ಲವರು ಬರೆದ ಪುಸ್ತಕಗಳನ್ನು ನಾನು ನನ್ನ ಕೈಲಾದಷ್ಟು ಓದಿದ್ದೇನೆ. ಸಾಲ ಹೊತ್ತುಕೊಳ್ಳುವುದು, ಆಮೇಲೆ ಬಂದು ವಿಚಾರಿಸುವುದು, ಇವೆರಡೂ ಇಲ್ಲದ ಉಪದೇಶ ಉಪದೇಶವೇ ಅಲ್ಲ ಎಂದು ಇಷ್ಟು ನೇರವಾಗಿ ನನಗೆ ಯಾವ ಪುಸ್ತಕವೂ ತಿಳಿಸಲಿಲ್ಲ.

ನನಗೆ ನಾನೇ ಕಂಡುಕೊಂಡದ್ದೂ ಒಂದಿದೆ. ಅದು ಪತ್ರದ ವಿಳಾಸದಲ್ಲಿದೆ. ನಾವು ಫಿಲೆಮೋನನಿಗೆ ಬರೆದ ಪತ್ರ ಎನ್ನುತ್ತೇವೆ. ಪೌಲ ಬರೆದದ್ದು ಫಿಲೆಮೋನನಿಗೆ, ಅಪ್ಫಿಯಳಿಗೆ, ಅರ್ಖಿಪ್ಪನಿಗೆ, ಮತ್ತು ಅವನ ಮನೆಯಲ್ಲಿ ಸೇರಿಬರುವ ಸಭೆಗೆ. ಒಬ್ಬ ಯಜಮಾನ ತನ್ನ ಆಳಿನ ವಿಷಯದಲ್ಲಿ ಮಾಡಬೇಕಾದ ತೀರ್ಮಾನವದು. ಅವನೊಬ್ಬನ ಕಿವಿಗೆ ಹಾಕಿ ಮುಗಿಸಬಹುದಾಗಿತ್ತು. ಪೌಲ ಹಾಗೆ ಮಾಡದೆ, ಮನೆಯಲ್ಲಿ ಕೂಡುವ ನಮ್ಮಂಥದೇ ಒಂದು ಕೂಟದ ಎದುರು ಓದಿಸುವಂತೆ ಬರೆದ. ಅಷ್ಟೇ ಅಲ್ಲ, ಪತ್ರ ತಂದವನು ಒನೇಸಿಮನೇ ಇರಬೇಕು. ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ತುಖಿಕನ ಜೊತೆ ಅವನು ಬರುತ್ತಿದ್ದಾನೆಂಬ ಮಾತಿದೆ. ಅಂದರೆ, ಅವನ ಬದುಕಿನ ತೀರ್ಮಾನವನ್ನು ಓದುತ್ತಿರುವಾಗ ಅವನು ಆ ಮನೆಯ ಬಾಗಿಲಲ್ಲಿ ನಿಂತಿದ್ದ. ಓದುವವರ ದನಿ ಅವನಿಗೆ ಕೇಳುತ್ತಿತ್ತು. ಫಿಲೆಮೋನ ತಲೆಯೆತ್ತಿದರೆ ಕಾಣುವುದು ಅವನ ಮುಖ.

ಇದು ಹೊಳೆದ ಮೇಲೆ ನಮ್ಮ ಓದು ಬದಲಾಯಿತು. ಯಾವ ಭಾಗ ಓದಿದರೂ, ಈ ತೀರ್ಮಾನದ ಭಾರ ಯಾರ ಮೇಲೆ ಬೀಳುತ್ತದೆ, ಅವರು ಇಲ್ಲಿ ಕೂತಿದ್ದಾರೆಯೇ ಎಂದು ಯಾರಾದರೊಬ್ಬರು ಕೇಳುವುದು ರೂಢಿಯಾಗಿದೆ.

ರೂತಳ ಕಥೆಯಲ್ಲಿ ಇದನ್ನು ಕೇಳಿದವಳು ಕೂಲಿಗೆ ಹೋಗುವ ಒಬ್ಬ ಅಕ್ಕ. ಆ ಕಥೆ ನಮ್ಮಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಶೇಂಗಾ ಕಿತ್ತ ಹೊಲದಲ್ಲಿ ಮಣ್ಣೊಳಗೆ ಕಾಯಿ ಉಳಿದಿರುತ್ತದೆ, ಒಂದು ಹದ ಮಳೆ ಬಿದ್ದ ಮೇಲೆ ಹೆಂಗಸರು ಮಕ್ಕಳು ಹೋಗಿ ಹಕ್ಕಲು ಆಯುತ್ತಾರೆ. ಮಡಿಲು ತುಂಬಿದರೆ ಆ ವಾರದ ಚಟ್ನಿಪುಡಿಗಾಯಿತು, ಹೆಚ್ಚು ಸಿಕ್ಕರೆ ಅಂಗಡಿಗೂ ಆಯಿತು. ಹೊಲದ ಅಂಚಿನ ತನಕ ಕೊಯ್ಯಬಾರದು, ಬಿದ್ದ ತೆನೆ ಆಯಬಾರದು, ಅದು ಬಡವರಿಗೂ ಪರದೇಶಿಗೂ ಸೇರಿದ್ದು ಎಂದು ಯಾಜಕಕಾಂಡದ 19ನೆಯ ಅಧ್ಯಾಯ ಕಟ್ಟು ಮಾಡಿದೆ. ರೂತಳು ಬಡವಳೂ ಹೌದು, ಪರದೇಶಿಯೂ ಹೌದು, ಗಂಡ ಸತ್ತವಳೂ ಹೌದು. ಹೊಲದ ಯಜಮಾನ ಬೋವಜ ಕಟ್ಟಿನಷ್ಟನ್ನು ಮಾಡಿ ನಿಲ್ಲಲಿಲ್ಲ. ಸಿವುಡಿನಿಂದ ಬೇಕೆಂತಲೇ ತೆನೆ ಎಳೆದು ಬೀಳಿಸಿ, ಅವಳನ್ನು ಗದರಬೇಡಿ ಎಂದು ಆಳುಗಳಿಗೆ ಹೇಳಿದ. ಸಂಜೆ ಬಡಿದು ಅಳೆದಾಗ ಒಂದು ಏಫಾದಷ್ಟು ಜವೆಗೋದಿ. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲೀಟರಿಗೂ ಮೇಲೆ. ಹಕ್ಕಲಿನಲ್ಲಿ ಒಂದೇ ದಿನಕ್ಕೆ ಅಷ್ಟು ಸಿಗುವುದಿಲ್ಲ ಎಂಬುದು ಆಯ್ದವರಿಗೆ ಗೊತ್ತು, ರೂತಳ ಅತ್ತೆ ನೊವೊಮಿಗೂ ಗೊತ್ತಿತ್ತು. ಅದಕ್ಕೇ ಅವಳು ಯಾರ ಹೊಲಕ್ಕೆ ಹೋಗಿದ್ದೆ ಎಂದು ಕೇಳಿದ್ದು.

ಆ ಅಕ್ಕ ಕೇಳಿದ್ದು ಬೇರೆಯದನ್ನು. ಈಗ ಶೇಂಗಾ ಕಿತ್ತ ಮರುದಿನವೇ ಹೊಲಕ್ಕೆ ಕುರಿಮಂದೆ ಬಿಡಿಸುತ್ತಾರೆ, ಗೊಬ್ಬರಕ್ಕೆ. ಇಲ್ಲವೇ ಟ್ರ್ಯಾಕ್ಟರ್ ಬಂದು ಮಗುಚಿಹಾಕುತ್ತದೆ. ಹಕ್ಕಲಿಗೆ ಹೊತ್ತೇ ಇಲ್ಲ. ಹಾಗೆ ಮಾಡುವುದು ಪಾಪವೋ ಅಲ್ಲವೋ? ಕೂಟದಲ್ಲಿ ಹೊಲವಿದ್ದವರೂ ಇದ್ದೆವು, ನಮ್ಮ ಮನೆಯದೂ ಸೇರಿ. ಕುರಿ ಬಿಡಿಸುವವರದೂ ಕೆಟ್ಟ ಬುದ್ಧಿಯಲ್ಲ. ಗೊಬ್ಬರದ ಬೆಲೆ, ಕುರಿಯವರು ಸಿಗುವ ಹೊತ್ತು, ತೇವ ಆರುವ ಮುಂಚೆ ಉಳುವ ಅವಸರ, ಎಲ್ಲ ನಿಜ. ಬಹಳ ಹೊತ್ತು ಮಾತಾಡಿ, ನಮ್ಮ ಹೊಲಗಳ ಮಟ್ಟಿಗೆ ಒಂದು ವಾರ ಬಿಟ್ಟು ಕುರಿ ಬಿಡಿಸುವುದು ಎಂದು ಮಾತಾಯಿತು. ಅವತ್ತು ಅವಳು ಆ ಚಾಪೆಯ ಮೇಲೆ ಇಲ್ಲದೇ ಹೋಗಿದ್ದರೆ, ನಾವು ಬೋವಜನನ್ನು ಹೊಗಳಿ ಚಹಾ ಕುಡಿದು ಎದ್ದು ಹೋಗುತ್ತಿದ್ದೆವು.

ನೀರಿನ ವಿಷಯದಲ್ಲಿ ಮಾತ್ರ ನಮಗೆ ಇನ್ನೂ ದಾರಿ ಕಂಡಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟು 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ತಾಲ್ಲೂಕಿಗೆ ತಾಲ್ಲೂಕೇ ನೋಡಲು ಹೋಯಿತು; ಧರ್ಮಪುರ ಹೋಬಳಿಯ ನಾವೂ ಹೋದೆವು, ಆದರೆ ನಮ್ಮ ಕಡೆಯ ಕೆರೆಗಳಿಗೆ ನೀರು ಬೇಕೆಂಬ ಕೂಗು ಬಹಳ ಹಳೆಯದು. ಇಲ್ಲಿ ಬದುಕು ನಿಂತಿರುವುದು ಕೊಳವೆಬಾವಿಯ ಮೇಲೆ. ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಇಸಾಕ ತೋಡಿದ ಬಾವಿಗೆ ಅಲ್ಲಿನ ಕುರುಬರು ಜಗಳಕ್ಕೆ ಬರುತ್ತಾರೆ, ಅವನು ಬಿಟ್ಟುಕೊಟ್ಟು ಮುಂದೆ ಹೋಗಿ ಇನ್ನೊಂದು ತೋಡುತ್ತಾನೆ, ಅದಕ್ಕೂ ಜಗಳ, ಮೂರನೆಯದಕ್ಕೆ ಯಾರೂ ಬರುವುದಿಲ್ಲ. ಶಾಂತಿಗೆ ಒಳ್ಳೆಯ ಮಾದರಿ ಎಂದು ಹೇಳುತ್ತಾರೆ. ಆದರೆ ಇಸಾಕನಿಗೆ ಮುಂದೆ ಹೋಗಲು ಜಾಗವಿತ್ತು. ಎರಡೆಕರೆಯವನು ಎಲ್ಲಿಗೆ ಹೋಗಬೇಕು? ಪಕ್ಕದವನು ಇನ್ನೂ ಆಳಕ್ಕೆ ಕೊರೆಸಿದರೆ ಇವನ ಬಾವಿ ಬತ್ತುತ್ತದೆ, ಇವನು ಕೊರೆಸಿದರೆ ಅವನದು. ತಪ್ಪು ಮಾಡಿದವರು ಯಾರು ಎಂದು ಬೆರಳು ತೋರಿಸಲೂ ಆಗದ ತಪ್ಪು ಅದು.

ಜಾತ್ರೆಯ ಊಟದ ಚರ್ಚೆ ಹೋದ ವರ್ಷ ಎದ್ದದ್ದು. ಊರ ಮಾರಮ್ಮನ ಹಬ್ಬದ ದಿನ ನೆಂಟರಿಷ್ಟರಿಗೆಲ್ಲ ಬಾಡೂಟ, ನಮ್ಮ ಮನೆಗಳಿಗೂ ಕರೆ ಬರುತ್ತದೆ, ಇಲ್ಲವೇ ಡಬ್ಬಿ ಬರುತ್ತದೆ. ದೇವಿಯ ಮುಂದೆ ಕಡಿದ ಮರಿ. ತಿನ್ನಬಹುದೇ? ಹುಡುಗರಲ್ಲಿ ಒಬ್ಬ ಖಡಾಖಂಡಿತವಾಗಿ ಕೂಡದು ಎಂದ. ಪೌಲನಿಗೆ ಕೊರಿಂಥದಿಂದ ಬಂದದ್ದೂ ಇದೇ ಪ್ರಶ್ನೆ. ಅವನು ಆಹಾರ ನಮ್ಮನ್ನು ದೇವರಿಗೆ ಹತ್ತಿರ ಮಾಡುವುದೂ ಇಲ್ಲ ದೂರ ಮಾಡುವುದೂ ಇಲ್ಲ ಎಂದೇ ಶುರುಮಾಡಿ, ಆದರೆ ನೀನು ತಿನ್ನುವುದರಿಂದ ನಂಬಿಕೆಯಲ್ಲಿ ಎಳೆಯನಾದ ತಮ್ಮನ ಮನಸ್ಸು ಕೆಡುವುದಾದರೆ ಬಿಡು ಎನ್ನುತ್ತಾನೆ. ಎರಡು ಅಧ್ಯಾಯ ದಾಟಿದ ಮೇಲೆ, ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಕೇಳದೆ ಉಣ್ಣಿ ಎಂದೂ, ಇದು ಬಲಿಯದು ಎಂದು ಯಾರಾದರೂ ಹೇಳಿದರೆ ಮಾತ್ರ ಹೇಳಿದವನ ಸಲುವಾಗಿ ಬಿಡಿ ಎಂದೂ ಸೇರಿಸುತ್ತಾನೆ. ಕೂಡದು, ಕೂಡುತ್ತದೆ ಎಂಬ ಎರಡೇ ಉತ್ತರ ಸಾಲದ ಪ್ರಶ್ನೆಯಿದು ಎಂದು ಅವನು ಬಲ್ಲ.

ನನ್ನ ಮನಸ್ಸು ಹೋದದ್ದು ಡಬ್ಬಿ ತಂದ ಪಕ್ಕದ ಮನೆಯ ಅತ್ತೆಯ ಕಡೆಗೆ. ಬಾಣಂತನದಲ್ಲಿ ನನಗೆ ನೀರು ಹಾಕಿದವರು ಅವರು. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಎಳೆಯ ತಮ್ಮನ ನೋವಿಗೆ ಇಷ್ಟು ಜಾಗವಿರುವಾಗ, ತಂದ ಡಬ್ಬಿ ಹಾಗೇ ವಾಪಸ್ ಹೋದರೆ ಆ ಅತ್ತೆಗಾಗುವ ನೋವಿಗೆ ನಮ್ಮ ಕೂಟದಲ್ಲಿ ಜಾಗವಿಲ್ಲವೇ ಎಂದು ಕೇಳಿದೆ. ಅಯ್ಯನವರು ಸ್ಟ್ಯಾನ್ಲಿ ಸಮರ್ಥರ ಹೆಸರು ತೆಗೆದರು. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಪಾಠ ಹೇಳಿ, 1971ರಿಂದ ಚರ್ಚುಗಳ ಜಾಗತಿಕ ಮಂಡಲಿಯಲ್ಲಿ ಅನ್ಯಧರ್ಮೀಯರೊಡನೆ ಸಂವಾದದ ಕೆಲಸವನ್ನು ನಡೆಸಿದವರು ಅವರು. ನಮ್ಮ ನಾಡಿನಲ್ಲಿ ಬೆಳೆದವರು ಆ ಕೆಲಸಕ್ಕೆ ಹೋದದ್ದು ನನಗೆ ಆಶ್ಚರ್ಯವಲ್ಲ. ಇಲ್ಲಿ ಬೇರೆ ದೇವರ ಮನೆಯವರು ಗೋಡೆಯಾಚೆಗೆ ಇರುತ್ತಾರೆ, ಹೆರಿಗೆಗೂ ಸಾವಿಗೂ ಮೊದಲು ಬರುವವರು ಅವರೇ. ಆ ಹುಡುಗ ಈಗಲೂ ತಿನ್ನುವುದಿಲ್ಲ. ಆದರೆ ಹೋದ ಹಬ್ಬದಲ್ಲಿ ಅವನೇ ಹೋಗಿ ಅತ್ತೆಗೆ, ನನ್ನ ಮನಸ್ಸು ಒಪ್ಪಲ್ಲ ಅತ್ತೆ, ಬೇಜಾರು ಮಾಡ್ಕೋಬೇಡಿ ಎಂದು ಹೇಳಿ, ಅವರು ಕೊಟ್ಟ ಹೋಳಿಗೆ ಹಾಲು ತಿಂದು ಬಂದ. ನಾನು ಬಾಡೂಟವನ್ನೇ ಉಂಡೆ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತೇವೆ.

ಕಾಯಿಲೆಯ ನಿಜವನ್ನು ಕಾಯಿಲೆಯವರಿಗೆ ಹೇಳಬೇಕೇ ಎಂಬ ಮಾತು ಬಂದ ಸಂಜೆ ನಾವು ಒಂದು ಮನಸ್ಸಿಗೆ ಬರಲಿಲ್ಲ. ಫರೋಹನಿಗೆ ಸುಳ್ಳು ಹೇಳಿ ಗಂಡುಕೂಸುಗಳನ್ನು ಉಳಿಸಿದ ಸೂಲಗಿತ್ತಿಯರಾದ ಶಿಪ್ರಾ ಮತ್ತು ಪೂಗಾರ ಮೇಲೆ ದೇವರ ದಯೆಯಿತ್ತು ಎಂದು ವಿಮೋಚನಕಾಂಡ ಹೇಳುತ್ತದೆ. ಯಾವ ಕಾರಣಕ್ಕೂ ಸುಳ್ಳು ಕೂಡದು ಎಂದು ಸಂತ ಅಗಸ್ಟೀನ್ ಅದಕ್ಕೆಂದೇ ಎರಡು ಗ್ರಂಥ ಬರೆದ. ಪುಣ್ಯಕೋಟಿಯ ಹಾಡು ಕೇಳಿ ಬೆಳೆದ ನಮಗೆ ಅಗಸ್ಟೀನ್ ಬೇಗ ಅರ್ಥವಾಗುತ್ತಾನೆ, ಆಸ್ಪತ್ರೆಯ ಮಂಚದ ಪಕ್ಕ ಕೂತಾಗ ಸೂಲಗಿತ್ತಿಯರು ಅರ್ಥವಾಗುತ್ತಾರೆ. ಅವತ್ತು ಕೂಟದಲ್ಲಿದ್ದ ಒಬ್ಬ ತಾಯಿ, ನನಗೇನಾದರೂ ಬಂದರೆ ನನಗೆ ಮೊದಲು ಹೇಳಿ ಎಂದು ಮಕ್ಕಳ ಎದುರೇ ಹೇಳಿ, ತನ್ನ ಮಟ್ಟಿಗೆ ಆ ಚರ್ಚೆ ಮುಗಿಸಿದರು.

ಒನೇಸಿಮ ಮುಂದೇನಾದ ಎಂಬುದು ಸತ್ಯವೇದದಲ್ಲಿಲ್ಲ. ಎರಡನೆಯ ಶತಮಾನದ ಆರಂಭದಲ್ಲಿ ಇಗ್ನಾಟಿಯಸ್ ಬರೆದ ಪತ್ರವೊಂದರಲ್ಲಿ ಎಫೆಸದ ಬಿಷಪ್ ಒನೇಸಿಮ ಎಂಬ ಹೆಸರು ಬರುತ್ತದೆ. ಅವನೇ ಇವನು ಎಂದು ಊಹಿಸಿದವರಿದ್ದಾರೆ. ಅಜ್ಜ ಆ ಊಹೆಯನ್ನು ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. ಬಿಷಪ್ ಆಗದಿದ್ದರೂ ಪರವಾಗಿಲ್ಲ, ಸಾಲ ಚುಕ್ತಾ ಆಗಿದ್ದರೆ ಸಾಕು ಎಂದರು.

ಈ ಸಲ ನಾವು ಯಾಕೋಬನ ಪತ್ರಿಕೆ ಹಿಡಿದಿದ್ದೇವೆ. ಅದರ ಐದನೆಯ ಅಧ್ಯಾಯದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗಿಕೊಳ್ಳುತ್ತದೆ ಎಂಬ ಮಾತಿದೆ. ಲೆಕ್ಕ ಹಾಕಿದರೆ ಅಲ್ಲಿಗೆ ತಲುಪುವುದು ಈರುಳ್ಳಿ ಕೀಳುವ ಕಾಲಕ್ಕೆ. ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ. ಕುಕ್ಕರಗಾಲಲ್ಲಿ ಕೂತು ಸಾಲಿಗೆ ಸಾಲು ಈರುಳ್ಳಿ ಕೊಯ್ಯುವವರೆಲ್ಲ ಹೆಂಗಸರು. ಹಕ್ಕಲಿನ ಪ್ರಶ್ನೆ ಕೇಳಿದ ಅಕ್ಕ ಆ ಅಧ್ಯಾಯವನ್ನು ತಾನೇ ಓದುತ್ತೇನೆ ಎಂದು ಈಗಲೇ ಹೇಳಿಟ್ಟಿದ್ದಾಳೆ, ಅದಕ್ಕಾಗಿ ಮಗಳ ಕೈಲಿ ದಿನಾ ಹೇಳಿಸಿಕೊಂಡು ಓದು ಕಲಿಯುತ್ತಿದ್ದಾಳೆ. ಹೊಲವಿದ್ದ ನಾವು ಅವತ್ತು ಏನು ಹೇಳಬೇಕು ಎಂದು ಈಗಿನಿಂದಲೇ ಮನೆಯಲ್ಲಿ ಮಾತಾಡಿಕೊಳ್ಳುತ್ತಿದ್ದೇವೆ.